ಬಸುರಿಯಲ್ಲಿ ಬಂದ ಶುಗರ್: ಹಾಲುಣಿಸಿದರೆ ಮುಂದೆ ಡಯಾಬಿಟಿಸ್ ಬರುವುದಿಲ್ಲವೇ?

ಪ್ರಶ್ನೆ: ನನಗೆ 31 ವರ್ಷ. ಏಳನೇ ತಿಂಗಳಲ್ಲಿ ಶುಗರ್ ಇದೆ ಅಂತ ಗೊತ್ತಾಯಿತು. ಕೊನೆಯ ಎರಡು ತಿಂಗಳು ಇನ್ಸುಲಿನ್ ತೆಗೆದುಕೊಂಡೆ. ಹೆರಿಗೆಯಾದ ಮೇಲೆ ಶುಗರ್ ನಾರ್ಮಲ್ ಆಗಿದೆ ಅಂತ ಇನ್ಸುಲಿನ್ ನಿಲ್ಲಿಸಿದರು. ಮಗುವಿಗೆ ಈಗ ಐದು ವಾರ. ಹಾಲು ಇಳಿದಿದ್ದು ನಾಲ್ಕನೇ ದಿನ. ಅಷ್ಟರಲ್ಲಿ ಪುಡಿ ಹಾಲು ಶುರು ಮಾಡಿದ್ದರು, ಈಗ ಎರಡೂ ನಡೀತಿದೆ. ಹಾಲುಣಿಸಿದರೆ ಮುಂದೆ ಡಯಾಬಿಟಿಸ್ ಬರುವುದಿಲ್ಲ ಅಂತ ಓದಿದೆ. ನಿಜವೇ? ನಾನು ಪೂರ್ತಿ ಎದೆಹಾಲು ಕೊಡ್ತಿಲ್ಲ, ಹಾಗಾದ್ರೆ ನನಗೆ ಬಂದೇ ಬರುತ್ತಾ? ನನ್ನ ಹಾಲಿನಲ್ಲಿ ಸಕ್ಕರೆ ಜಾಸ್ತಿ, ಮಗುವಿಗೆ ಒಳ್ಳೆಯದಲ್ಲ ಅಂತಲೂ ಮನೆಯಲ್ಲಿ ಹೇಳ್ತಾರೆ. ಇನ್ನೊಂದು ಮಗು ಬೇಕು ಅನ್ನೋ ಆಸೆಯೂ ಇದೆ. ಅದಕ್ಕೆ ಮುಂಚೆ ಏನು ನೋಡಿಕೊಳ್ಳಬೇಕು?

ಉತ್ತರ: ಮೊದಲು ಹಾಲಿನಲ್ಲಿ ಸಕ್ಕರೆ ಅನ್ನೋ ಮಾತನ್ನು ತೆಗೆದುಕೊಳ್ಳೋಣ. ಅದು ನಿಮ್ಮ ಮನಸ್ಸಿನಿಂದ ಇವತ್ತೇ ಹೋಗಬೇಕು. ನಿಮ್ಮ ಹಾಲು ನಿಮ್ಮ ಮಗುವಿಗೆ ಒಳ್ಳೆಯದೇ. ಎದೆಹಾಲಿನ ಸಿಹಿ ಅದರ ಸಹಜ ಸಕ್ಕರೆಯಾದ ಲ್ಯಾಕ್ಟೋಸ್‌ನಿಂದ ಬರುವುದು. 100 ಮಿ.ಲೀ. ಹಾಲಿನಲ್ಲಿ ಅದು ಸುಮಾರು 7 ಗ್ರಾಂ ಇರುತ್ತದೆ. ಶುಗರ್ ಇರುವ ತಾಯಿಯಲ್ಲೂ, ಇಲ್ಲದ ತಾಯಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ರಕ್ತದಲ್ಲಿ ಸಕ್ಕರೆ ತುಂಬಾ ಏರಿದಾಗ ಹಾಲಿನ ಗ್ಲೂಕೋಸ್ ಒಂಚೂರು ಏರಬಹುದು. ಆದರೆ ಹಾಲಿನಲ್ಲಿ ಗ್ಲೂಕೋಸ್ ಇರುವುದೇ ಬಹಳ ಕಡಿಮೆ, ಲ್ಯಾಕ್ಟೋಸ್ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ನಿಮಗಂತೂ ಈಗ ರಕ್ತದ ಸಕ್ಕರೆಯೂ ನಾರ್ಮಲ್ ಇದೆ. ಮನೆಯವರು ಮಗುವಿನ ಮೇಲಿನ ಕಾಳಜಿಯಿಂದಲೇ ಹೇಳಿರುತ್ತಾರೆ. ಈ ಪ್ಯಾರಾವನ್ನು ಅವರಿಗೆ ಓದಿ ಹೇಳಿ.

ಆ ಲ್ಯಾಕ್ಟೋಸ್ ಎಲ್ಲಿಂದ ಬರುತ್ತದೆ ಅಂತ ನೋಡಿದರೆ ನಿಮ್ಮ ಮುಖ್ಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸ್ತನದ ಕೋಶಗಳು ಲ್ಯಾಕ್ಟೋಸನ್ನು ತಯಾರಿಸುವುದು ನಿಮ್ಮ ರಕ್ತದಲ್ಲಿರುವ ಗ್ಲೂಕೋಸ್‌ನಿಂದ. ಪೂರ್ತಿ ಎದೆಹಾಲು ಕುಡಿಯುವ ಮಗು ದಿನಕ್ಕೆ ಸುಮಾರು 750 ಮಿ.ಲೀ. ಕುಡಿಯುತ್ತದೆ. ಅಂದರೆ ದಿನಾ 50 ಗ್ರಾಂನಷ್ಟು ಸಕ್ಕರೆ ತಾಯಿಯ ರಕ್ತದಿಂದ ಹಾಲಿಗೆ ಹೋಗುತ್ತದೆ. ಇದರಲ್ಲಿ ಇನ್ನೊಂದು ವಿಶೇಷ ಇದೆ. ಮಾಂಸಖಂಡಕ್ಕೆ ಗ್ಲೂಕೋಸ್ ಒಳಗೆ ಹೋಗಬೇಕಾದರೆ ಬಹಳ ಮಟ್ಟಿಗೆ ಇನ್ಸುಲಿನ್ ಬೇಕು. ಹಾಲು ಮಾಡುವ ಸ್ತನದ ಕೋಶ ಅದನ್ನು ಕಾಯುವುದಿಲ್ಲ, ತನಗೆ ಬೇಕಾದಷ್ಟನ್ನು ತಾನೇ ಎಳೆದುಕೊಳ್ಳುತ್ತದೆ. ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಗೆ ಅಷ್ಟರ ಮಟ್ಟಿಗೆ ಕೆಲಸ ಕಮ್ಮಿ. ಜೊತೆಗೆ ಹಾಲಿನ ಕೊಬ್ಬಿಗೂ, ಹಾಲು ಮಾಡುವ ಶ್ರಮಕ್ಕೂ ಸೇರಿ ದಿನಕ್ಕೆ 500 ಕ್ಯಾಲೊರಿಯ ಆಸುಪಾಸು ಖರ್ಚಾಗುತ್ತದೆ.

ಬಸುರಿಯಲ್ಲಿ ಆಗಿದ್ದು ಇದಕ್ಕೆ ಉಲ್ಟಾ. ಮಗುವಿಗೆ ಸಕ್ಕರೆ ಧಾರಾಳವಾಗಿ ಸಿಗಲಿ ಅಂತ ಮಾಸಿನಿಂದ ಬರುವ ಹಾರ್ಮೋನ್‌ಗಳು ತಾಯಿಯ ದೇಹ ಇನ್ಸುಲಿನ್ ಮಾತು ಕೇಳದ ಹಾಗೆ ಮಾಡುತ್ತವೆ. ಇದು ಎಲ್ಲ ಬಸುರಿಯರಲ್ಲೂ ಆಗುತ್ತದೆ. ಹೆಚ್ಚಿನವರಲ್ಲಿ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ನಷ್ಟು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತವೆ. ಕೆಲವರಲ್ಲಿ ಅಷ್ಟು ಸುರಿಸಲು ಆಗುವುದಿಲ್ಲ, ಆಗ ಶುಗರ್ ಏರುತ್ತದೆ. ನಿಮಗೆ ಆಗಿದ್ದು ಇದೇ. ಮಾಸು ಹೊರಬಿದ್ದ ಮೇಲೆ ಆ ಹಾರ್ಮೋನ್‌ಗಳು ಇಳಿಯುತ್ತವೆ, ಶುಗರ್ ಒಂದೆರಡು ದಿನದಲ್ಲೇ ನಾರ್ಮಲ್‌ಗೆ ಬರುತ್ತದೆ. ಆದರೆ ಬೀಟಾ ಕೋಶಗಳ ಶಕ್ತಿ ಸ್ವಲ್ಪ ಕಮ್ಮಿ ಅನ್ನೋದು ಹಾಗೇ ಉಳಿದಿರುತ್ತದೆ. ವಯಸ್ಸು, ತೂಕ ಏರಿದ ಹಾಗೆ ಅದೇ ಕೊರತೆ ಮತ್ತೆ ಕಾಣಿಸಿಕೊಳ್ಳಬಹುದು. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 20 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಲೆಕ್ಕ ಬಂತು. ಬಸುರಿಯಲ್ಲಿ ಶುಗರ್ ಬಂದಿದ್ದ ಹೆಂಗಸರಿಗೆ ಮುಂದೆ ಟೈಪ್ 2 ಡಯಾಬಿಟಿಸ್ ಬರುವ ಸಾಧ್ಯತೆ, ಬಾರದವರಿಗಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಜಾಸ್ತಿ ಅಂತ ಅದರಲ್ಲಿ ಕಂಡಿತು. ಹೆದರಿಸಲು ಇದನ್ನು ಹೇಳುತ್ತಿಲ್ಲ. ನಾರ್ಮಲ್ ಆಗಿದೆ ಅಂದ ಮೇಲೆ ವಿಷಯ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ, ಅದಕ್ಕೆ ಹೇಳಬೇಕಾಯಿತು.

ಇನ್ನು ನೀವು ಓದಿದ ಸಂಗತಿ. ಹಾಲುಣಿಸಿದರೆ ಡಯಾಬಿಟಿಸ್ ಬರುವುದೇ ಇಲ್ಲ ಅನ್ನೋದು ತಪ್ಪು. ಬರುವ ಸಾಧ್ಯತೆ ಕಮ್ಮಿಯಾಗುತ್ತದೆ, ಬರುವುದಿದ್ದರೂ ತಡವಾಗುತ್ತದೆ ಅನ್ನೋದಕ್ಕೆ ಒಳ್ಳೆಯ ಆಧಾರ ಇದೆ.

ನಿಮ್ಮ ಪರಿಸ್ಥಿತಿಗೆ ತುಂಬಾ ಹತ್ತಿರದ್ದು ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ನಡೆದ 'ಸ್ವಿಫ್ಟ್' ಅನ್ನೋ ಅಧ್ಯಯನ. ಎರಿಕಾ ಗುಂಡರ್ಸನ್ ಅದನ್ನು ನಡೆಸಿದರು, ಫಲಿತಾಂಶ ಬಂದಿದ್ದು 2015ರಲ್ಲಿ. ಬಸುರಿಯಲ್ಲಿ ಶುಗರ್ ಬಂದಿದ್ದ ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಹೆರಿಗೆಯಾಗಿ 6ರಿಂದ 9 ವಾರದೊಳಗೆ ಕರೆದು ಶುಗರ್ ಪರೀಕ್ಷೆ ಮಾಡಿದರು. ಅಷ್ಟರಲ್ಲೇ ಡಯಾಬಿಟಿಸ್ ಇದ್ದವರನ್ನು ಬಿಟ್ಟು ಉಳಿದವರನ್ನು ಎರಡು ವರ್ಷ ಗಮನಿಸಿದರು. ಎರಡು ವರ್ಷದಲ್ಲಿ ಸುಮಾರು ನೂರಕ್ಕೆ 12 ಮಂದಿಗೆ ಡಯಾಬಿಟಿಸ್ ಬಂತು. ಬರೀ ಪುಡಿ ಹಾಲು ಕೊಟ್ಟವರಿಗೆ ಹೋಲಿಸಿದರೆ ಬರೀ ಎದೆಹಾಲು ಕೊಟ್ಟವರಲ್ಲಿ ಅಪಾಯ ಅರ್ಧಕ್ಕಿಂತ ಕಮ್ಮಿ ಇತ್ತು.

ನೀವು ಗಮನಿಸಬೇಕಾದ್ದು ಅದರ ಮಧ್ಯದ ಅಂಕಿಗಳನ್ನು. ಬರೀ ಪುಡಿ ಹಾಲು ಕೊಟ್ಟವರ ಅಪಾಯವನ್ನು 100 ಅಂತ ಇಟ್ಟುಕೊಳ್ಳಿ. ಎರಡೂ ಸೇರಿಸಿ ಕೊಟ್ಟವರಲ್ಲಿ ಅದು 64. ಹೆಚ್ಚಾಗಿ ಎದೆಹಾಲು, ಸ್ವಲ್ಪ ಪುಡಿ ಹಾಲು ಕೊಟ್ಟವರಲ್ಲಿ 54. ಬರೀ ಎದೆಹಾಲು ಕೊಟ್ಟವರಲ್ಲಿ 46. ಎಷ್ಟು ತಿಂಗಳು ಕೊಟ್ಟರು ಅನ್ನೋದರಲ್ಲೂ ಹೀಗೇ. ಎರಡು ತಿಂಗಳೊಳಗೆ ನಿಲ್ಲಿಸಿದವರನ್ನು 100 ಅಂತ ಹಿಡಿದರೆ, ಹತ್ತು ತಿಂಗಳು ದಾಟಿಸಿದವರಲ್ಲಿ 43. ಮಧ್ಯದಲ್ಲಿ ನಿಲ್ಲಿಸಿದವರು ಮಧ್ಯದಲ್ಲಿದ್ದಾರೆ. ಅಂದರೆ ಇಲ್ಲಿ ಪಾಸು-ಫೇಲು ಅನ್ನೋ ಗೆರೆ ಇಲ್ಲ. ನೀವು ಕೊಡುತ್ತಿರುವ ಪ್ರತಿಯೊಂದು ಸಲದ ಹಾಲಿಗೂ ಬೆಲೆ ಇದೆ. 'ಪೂರ್ತಿ ಕೊಡ್ತಿಲ್ಲ, ಹಾಗಾದ್ರೆ ಬಂದೇ ಬರುತ್ತಾ' ಅಂತ ಕೇಳಿದ್ದೀರಲ್ಲ, ಇಲ್ಲ. ಹಾಗೆ ಅರ್ಥ ಮಾಡಿಕೊಳ್ಳಬೇಡಿ.

ಎರಡು ವರ್ಷ ಅನ್ನೋದು ಕಮ್ಮಿ ಅವಧಿ ಅಲ್ವಾ ಅಂತ ನೀವು ಕೇಳಬಹುದು. ಇದಕ್ಕಿಂತ ಉದ್ದದ ಅಧ್ಯಯನಗಳೂ ಇವೆ. ಜರ್ಮನಿಯಲ್ಲಿ 304 ತಾಯಂದಿರನ್ನು 19 ವರ್ಷದವರೆಗೂ ನೋಡಿದ್ದಾರೆ, 2012ರಲ್ಲಿ ಅದು ಪ್ರಕಟವಾಯಿತು. ಹಾಲುಣಿಸಿದವರಲ್ಲಿ ಡಯಾಬಿಟಿಸ್ ಕಾಣಿಸಿಕೊಳ್ಳುವುದು ಸುಮಾರು ಹತ್ತು ವರ್ಷ ಮುಂದಕ್ಕೆ ಹೋಗಿತ್ತು. ಮೂರು ತಿಂಗಳಿಗಿಂತ ಹೆಚ್ಚು ಹಾಲುಣಿಸಿದವರಲ್ಲಿ ಅಪಾಯ ಎಲ್ಲರಿಗಿಂತ ಕಮ್ಮಿ ಇತ್ತು. ಮೂವತ್ತೈದಕ್ಕೆ ಬರಬೇಕಾದ ಕಾಯಿಲೆ ನಲವತ್ತೈದಕ್ಕೆ ಬಂದರೆ ಕಣ್ಣು, ಮೂತ್ರಪಿಂಡ, ರಕ್ತನಾಳಗಳಿಗೆ ಹತ್ತು ವರ್ಷದ ಹಾನಿ ತಪ್ಪಿದ ಹಾಗೆ. ಅಮೆರಿಕದ 'ಕಾರ್ಡಿಯಾ' ಅಧ್ಯಯನ 1,238 ಹೆಂಗಸರನ್ನು 30 ವರ್ಷ ಗಮನಿಸಿತು. ಅವರಲ್ಲಿ ಕೆಲವರಿಗೆ ಮಾತ್ರ ಬಸುರಿಯಲ್ಲಿ ಶುಗರ್ ಬಂದಿತ್ತು. ಎಲ್ಲ ಮಕ್ಕಳಿಗೂ ಸೇರಿ ಒಟ್ಟು ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಹಾಲುಣಿಸಿದವರಲ್ಲಿ, ಹಾಲೇ ಉಣಿಸದವರಿಗಿಂತ ಡಯಾಬಿಟಿಸ್ ಅಪಾಯ 47% ಕಮ್ಮಿ ಇತ್ತು. ಬಸುರಿಯಲ್ಲಿ ಶುಗರ್ ಬಂದವರಲ್ಲೂ ಬಾರದವರಲ್ಲೂ ಈ ಲಾಭ ಕಂಡಿತು. 2018ರಲ್ಲಿ ಬಂದ ಫಲಿತಾಂಶ ಇದು.

ಲಾಭ ಯಾಕೆ ಇಷ್ಟು ವರ್ಷ ಉಳಿಯುತ್ತದೆ? ಹಾಲುಣಿಸುವುದು ನಿಲ್ಲಿಸಿದ ಮೇಲೆ ದಿನಕ್ಕೆ 50 ಗ್ರಾಂ ಸಕ್ಕರೆ ಖರ್ಚಾಗುವುದು ನಿಂತೇ ಹೋಗುತ್ತದಲ್ಲ. ಒಂದು ಕಾರಣ ಕೊಬ್ಬು. ಬಸುರಿಯಲ್ಲಿ ದೇಹ ಹಾಲಿಗಾಗಿ ಅಂತಲೇ ಕೊಬ್ಬು ಕೂಡಿಡುತ್ತದೆ. ಹಾಲುಣಿಸಿದಾಗ ಆ ದಾಸ್ತಾನು ಖಾಲಿಯಾಗುತ್ತದೆ, ರಕ್ತದ ಕೊಬ್ಬಿನ ಮಟ್ಟವೂ ಬೇಗ ಹಳೆಯ ಸ್ಥಿತಿಗೆ ಬರುತ್ತದೆ. ಇನ್ನೊಂದು ಕಾರಣ ಪ್ರೊಲ್ಯಾಕ್ಟಿನ್, ಅಂದರೆ ಹಾಲು ಬರಿಸುವ ಹಾರ್ಮೋನ್. ದಕ್ಷಿಣ ಕೊರಿಯಾದ ವಿಜ್ಞಾನಿಗಳು 2020ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ಪ್ರೊಲ್ಯಾಕ್ಟಿನ್ ಬೀಟಾ ಕೋಶಗಳ ಒಳಗೆ ಸೆರೊಟೋನಿನ್ ಅನ್ನೋ ರಾಸಾಯನಿಕ ತಯಾರಾಗುವಂತೆ ಮಾಡುತ್ತದೆ, ಅದರಿಂದ ಆ ಕೋಶಗಳ ಸಂಖ್ಯೆಯೂ ಕೆಲಸವೂ ಸುಧಾರಿಸುತ್ತದೆ. ಬಸುರಿಯಲ್ಲಿ ಶುಗರ್ ಬಂದಿದ್ದ ತಾಯಂದಿರನ್ನು ಹೆರಿಗೆಯಾಗಿ ಮೂರು ವರ್ಷ ದಾಟಿದ ಮೇಲೆ ಅದೇ ತಂಡ ಪರೀಕ್ಷಿಸಿತು. ಹಾಲುಣಿಸಿದ್ದವರ ಬೀಟಾ ಕೋಶಗಳು ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಿದ್ದವು. ನಿಮ್ಮ ದೇಹದಲ್ಲಿ ಕೊರತೆ ಇರುವುದು ಆ ಕೋಶಗಳಲ್ಲೇ. ಅದಕ್ಕೇ ಈ ಸಂಶೋಧನೆ ನನಗೆ ಮುಖ್ಯ ಅನ್ನಿಸುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಇವೆಲ್ಲ ಗಮನಿಸಿ ನೋಡಿದ ಅಧ್ಯಯನಗಳು. ಅರ್ಧ ತಾಯಂದಿರಿಗೆ ಹಾಲುಣಿಸಿ, ಇನ್ನರ್ಧಕ್ಕೆ ಬೇಡ ಅಂತ ಚೀಟಿ ಎತ್ತಿ ಹೇಳಲು ಆಗುವುದಿಲ್ಲವಲ್ಲ. ಹಾಗಾಗಿ ಹಾಲುಣಿಸುವವರು ಮೊದಲೇ ಹೆಚ್ಚು ಆರೋಗ್ಯವಾಗಿದ್ದರೇನೋ ಅನ್ನೋ ಅನುಮಾನ ಪೂರ್ತಿ ಹೋಗುವುದಿಲ್ಲ. ಇನ್ಸುಲಿನ್ ತೊಂದರೆ ಹೆಚ್ಚಿದ್ದವರಿಗೇ ಹಾಲು ತಡವಾಗಿ ಬರುತ್ತದೆ, ಅವರಿಗೇ ಡಯಾಬಿಟಿಸ್ ಕೂಡ ಹೆಚ್ಚು ಬರುತ್ತದೆ ಅನ್ನೋದೂ ಇದರಲ್ಲಿ ಸೇರಿಕೊಂಡಿರಬಹುದು. ಸ್ವಿಫ್ಟ್‌ನಲ್ಲಿ ತೂಕ, ಬಸುರಿಯಲ್ಲಿದ್ದ ಶುಗರ್ ಮಟ್ಟ, ಚಿಕಿತ್ಸೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಲಾಭ ಉಳಿಯಿತು. ಅದಕ್ಕೇ ನಾನು ಅದನ್ನು ಹೆಚ್ಚು ನಂಬುತ್ತೇನೆ. ಅಮೆರಿಕದ ದಾದಿಯರ ದೊಡ್ಡ ಅಧ್ಯಯನದ 2005ರ ಲೆಕ್ಕದಲ್ಲಿ ಬಸುರಿಯಲ್ಲಿ ಶುಗರ್ ಬಂದವರಿಗೆ ಈ ಲಾಭ ಕಾಣಲಿಲ್ಲ. 2020ರಲ್ಲಿ ಅದೇ ದಾದಿಯರಲ್ಲಿ ಬಸುರಿಯಲ್ಲಿ ಶುಗರ್ ಬಂದಿದ್ದ ಇನ್ನೂ ಹೆಚ್ಚು ಮಂದಿಯನ್ನು ಇನ್ನೂ ಹೆಚ್ಚು ಕಾಲ ನೋಡಿದಾಗ ಕಂಡಿತು. ಇಷ್ಟನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನ್ನ ಅಭಿಪ್ರಾಯ ಇದು: ಹಾಲುಣಿಸುವುದರಿಂದ ನಿಜವಾದ ಲಾಭ ಇದೆ, ಆದರೆ ಅದನ್ನೊಂದೇ ನಂಬಿ ಕೂರುವಷ್ಟು ದೊಡ್ಡದಲ್ಲ.

ನಿಮ್ಮ ಹಾಲು ನಾಲ್ಕನೇ ದಿನ ಇಳಿಯಿತು ಅಂದಿರಿ. ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ಗ್ಲೂಕೋಸ್ ಎಳೆದುಕೊಳ್ಳಲು ಇನ್ಸುಲಿನ್ ಬೇಡದಿದ್ದರೂ, ಸ್ತನದ ಕೋಶಗಳು ಹಾಲು ಮಾಡಲು ಶುರು ಮಾಡುವ ಹೊತ್ತಿನಲ್ಲಿ ಅವಕ್ಕೆ ಇನ್ಸುಲಿನ್ ಸಂದೇಶ ಬೇಕು. ಆ ಸಂದೇಶ ಸರಿಯಾಗಿ ಮುಟ್ಟದಿದ್ದರೆ ಹಾಲು ತುಂಬುವುದು 72 ಗಂಟೆ ದಾಟುತ್ತದೆ. ಸ್ವಿಫ್ಟ್‌ನ ತಾಯಂದಿರಲ್ಲೇ ಸುಮಾರು ಮೂರರಲ್ಲಿ ಒಬ್ಬರಿಗೆ ಹೀಗಾಗಿತ್ತು. ಇನ್ಸುಲಿನ್ ತೆಗೆದುಕೊಂಡವರಲ್ಲಿ ಇದು ಜಾಸ್ತಿ. ಇದರ ಮೇಲೆ ಮಗುವಿನ ಶುಗರ್ ಇಳಿಯಬಾರದು ಅಂತ ಹಿಮ್ಮಡಿ ಚುಚ್ಚಿ ಚುಚ್ಚಿ ನೋಡುತ್ತಿರುತ್ತಾರೆ. ಅಂಕಿ ಸ್ವಲ್ಪ ಇಳಿದರೂ ಪುಡಿ ಹಾಲು ಬಂದುಬಿಡುತ್ತದೆ. ತಾಯಿಗೆ ಅಲ್ಲೇ ಧೈರ್ಯ ಕುಸಿಯುತ್ತದೆ. ತಡವಾಗಿ ಬರಬಹುದು, ಆದರೆ ಬರುತ್ತದೆ ಅಂತ ಒಂದು ಮಾತು ಮೊದಲೇ ಹೇಳಿದ್ದರೆ ಎಷ್ಟೋ ತಾಯಂದಿರ ಅಳು ತಪ್ಪುತ್ತಿತ್ತು.

ಐದು ವಾರ ಅಂದರೆ ತಡವೇನೂ ಆಗಿಲ್ಲ. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ಹಾಲು ತಯಾರಾಗುತ್ತದೆ. ಹಾಗಾಗಿ ಪ್ರತಿ ಸಲ ಮೊದಲು ಎದೆಗೆ ಹಾಕಿ, ಎರಡೂ ಕಡೆ. ಆಮೇಲೆ ಬೇಕಿದ್ದರೆ ಪುಡಿ ಹಾಲು. ದಿನಕ್ಕೆ 8ರಿಂದ 12 ಸಲ ಆಗಬೇಕು. ರಾತ್ರಿಯದ್ದನ್ನು ಬಿಡಬೇಡಿ, ಪ್ರೊಲ್ಯಾಕ್ಟಿನ್ ಆಗ ಜಾಸ್ತಿ ಇರುತ್ತದೆ. ಮಗು ಸರಿಯಾಗಿ ಕಚ್ಚಿಕೊಂಡಿದೆಯಾ ಅಂತ ಹತ್ತಿರದಿಂದ ನೋಡಿ. ಬಾಯಿ ಅಗಲವಾಗಿ ತೆರೆದಿರಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ಗಲ್ಲ ಎದೆಗೆ ತಾಗಿರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮಗುವಿನ ಮೇಲ್ತುಟಿಯ ಕಡೆ ಹೆಚ್ಚು ಕಾಣಬೇಕು, ಕೆಳಗೆ ಕಮ್ಮಿ. ಒಂದೆರಡು ಚೀಪಿನ ನಂತರ 'ಗುಟುಕ್' ಅಂತ ನುಂಗುವುದು ಕೇಳಿಸಬೇಕು. ತೊಟ್ಟು ನೋಯುತ್ತಲೇ ಇದ್ದರೆ, ಕುಡಿದ ಮೇಲೆ ಚಪ್ಪಟೆಯಾಗಿ ಹೊರಬಂದರೆ ಮಗು ಬರೀ ತೊಟ್ಟನ್ನೇ ಚೀಪುತ್ತಿದೆ ಅಂತ ಅರ್ಥ. ಕಿರುಬೆರಳನ್ನು ಬಾಯಿಯ ಮೂಲೆಗೆ ತೂರಿಸಿ ಬಿಡಿಸಿ, ಮತ್ತೆ ಹಾಕಿ. ಇದನ್ನು ಪಕ್ಕದಲ್ಲಿ ಕೂತು ತೋರಿಸಿಕೊಡುವ ಅನುಭವಿ ದಾದಿ ಅಥವಾ ಲ್ಯಾಕ್ಟೇಷನ್ ಸಲಹೆಗಾರರು ಸಿಕ್ಕರೆ ಒಂದು ಸಲ ತೋರಿಸಿಕೊಳ್ಳಿ. ನೂರು ಸಲ ಓದುವುದಕ್ಕಿಂತ ಅದು ಮೇಲು.

ಕುಡಿಸಿದ ಮೇಲೆ ಹತ್ತು ನಿಮಿಷ ಪಂಪ್ ಮಾಡಿದರೆ ಅಥವಾ ಕೈಯಿಂದ ಹಿಂಡಿದರೆ ಇನ್ನೂ ಒಳ್ಳೆಯದು. ಪುಡಿ ಹಾಲನ್ನು ಒಮ್ಮೆಗೇ ನಿಲ್ಲಿಸಬೇಡಿ, ನೀರು ಜಾಸ್ತಿ ಹಾಕಿ ತೆಳ್ಳಗೂ ಮಾಡಬೇಡಿ. ನಿಧಾನಕ್ಕೆ ಕಮ್ಮಿ ಮಾಡುತ್ತಾ ಬನ್ನಿ. ಮಗು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಮಾಡುತ್ತಿದೆಯಾ, ವಾರ ವಾರ ತೂಕ ಏರುತ್ತಿದೆಯಾ ಅಂತ ಮಕ್ಕಳ ಡಾಕ್ಟರ ಜೊತೆ ನೋಡಿಕೊಳ್ಳಿ. ಇಷ್ಟು ಮಾಡಿಯೂ ಹಾಲು ಹೆಚ್ಚದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ತೊಂದರೆ) ಇತ್ತು ಅಂದರೆ ಅದನ್ನೂ ಡಾಕ್ಟರಿಗೆ ಹೇಳಿ. ಹಾಲು ಹೆಚ್ಚಿಸುವ ಮಾತ್ರೆಯನ್ನು ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ.

ಕೊನೆಗೂ ಎರಡೂ ಹಾಲು ಜೊತೆಯಲ್ಲೇ ನಡೆಯಬೇಕಾಗಿ ಬಂದರೆ ನಡೆಯಲಿ. ಹಾಲಿನ ಬಗ್ಗೆ ಸಂಕಟಪಟ್ಟು ಸಂಕಟಪಟ್ಟು ತಾಯಿ ಕುಗ್ಗಿಹೋಗುವುದನ್ನು ನಾನು ಒಪ್ಪುವುದಿಲ್ಲ. ಬಸುರಿಯಲ್ಲಿ ಶುಗರ್ ಬಂದವರಲ್ಲಿ ಹೆರಿಗೆಯ ನಂತರದ ಖಿನ್ನತೆ ಸ್ವಲ್ಪ ಜಾಸ್ತಿ. ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ, ಮಗು ಮಲಗಿದರೂ ನಿಮಗೆ ನಿದ್ದೆ ಬರುವುದಿಲ್ಲ ಅಂತಾದರೆ ಡಾಕ್ಟರಿಗೆ ಹೇಳಿ. ಅದಕ್ಕೆ ಚಿಕಿತ್ಸೆ ಇದೆ, ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ.

ಈಗ ನೀವು ಕೇಳದೇ ಇದ್ದ, ಆದರೆ ನನ್ನ ಮಟ್ಟಿಗೆ ಈ ಉತ್ತರದಲ್ಲೇ ಅತಿ ಮುಖ್ಯವಾದ ವಿಷಯ. ನೀವು ಇನ್ನೊಂದು ಶುಗರ್ ಪರೀಕ್ಷೆ ಮಾಡಿಸಬೇಕು. ಹೆರಿಗೆಯಾದ ಮಾರನೇ ದಿನ ನಾರ್ಮಲ್ ಬಂತು ಅನ್ನೋದು ಸಾಲದು. ಹೆರಿಗೆಯಾಗಿ 4ರಿಂದ 12 ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಆಗಬೇಕು. ನಿಮಗೆ ಈಗ ಐದು ವಾರ, ಮುಂದಿನ ವಾರ ಮಗುವಿಗೆ ಲಸಿಕೆ ಹಾಕಿಸಲು ಹೋಗುವಾಗಲೇ ನಿಮ್ಮದೂ ಒಂದು ದಿನ ಗೊತ್ತು ಮಾಡಿಕೊಂಡು ಬನ್ನಿ. ಎಷ್ಟೋ ತಾಯಂದಿರು ಇದನ್ನು ಮಾಡಿಸುವುದೇ ಇಲ್ಲ. ಮಗುವಿನ ತೂಕ, ಲಸಿಕೆ, ನಿದ್ದೆ ಅಂತ ಮನೆಯವರ ಕಣ್ಣೆಲ್ಲ ಮಗುವಿನ ಮೇಲಿರುತ್ತದೆ. ತಾಯಿಯ ರಕ್ತದ ಬಗ್ಗೆ ಯಾರೂ ಕೇಳುವುದಿಲ್ಲ, ಅವಳೂ ಕೇಳುವುದಿಲ್ಲ. ದಯವಿಟ್ಟು ನೀವು ಹಾಗೆ ಬಿಡಬೇಡಿ.

ರಾತ್ರಿ ಊಟವಾದ ಮೇಲೆ ಎಂಟು ಗಂಟೆಯಾದರೂ ನೀರು ಬಿಟ್ಟು ಏನೂ ತಿನ್ನಬಾರದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ ರಕ್ತ ತೆಗೆಯುತ್ತಾರೆ. ಗ್ಲೂಕೋಸ್ ನೀರು ಕುಡಿದು ಎರಡು ಗಂಟೆಯಾದ ಮೇಲೆ ಇನ್ನೊಂದು ಸಲ. ಈ ಮಧ್ಯೆ ಓಡಾಡದೆ ಕೂತಿರಬೇಕು. ಮಗುವನ್ನೂ, ಜೊತೆಗೆ ಒಬ್ಬರನ್ನೂ ಕರೆದುಕೊಂಡು ಹೋಗಿ. ಕಾಯುವಾಗ ಮಗುವಿಗೆ ಹಸಿವಾದರೆ ಹಾಲು ಕುಡಿಸಿ, ಅದರಿಂದ ಎರಡನೇ ಅಂಕಿ ಸ್ವಲ್ಪ ಇಳಿಯಬಹುದು ಅಷ್ಟೇ. ಅಂಕಿ ಗಡಿಯ ಹತ್ತಿರ ಬಂದರೆ ಕುಡಿಸಿದ್ದೆ ಅಂತ ಡಾಕ್ಟರಿಗೆ ಹೇಳಿ. ಖಾಲಿ ಹೊಟ್ಟೆಯ ಅಂಕಿ 100ಕ್ಕಿಂತ ಕಮ್ಮಿ, ಎರಡು ಗಂಟೆಯ ಅಂಕಿ 140ಕ್ಕಿಂತ ಕಮ್ಮಿ ಇದ್ದರೆ ನಾರ್ಮಲ್. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಎರಡು ಗಂಟೆಗೆ 200 ಅಥವಾ ಹೆಚ್ಚು ಬಂದರೆ ಡಯಾಬಿಟಿಸ್. ಮಧ್ಯದಲ್ಲಿದ್ದರೆ ಪ್ರಿ-ಡಯಾಬಿಟಿಸ್, ಅಂದರೆ ಡಯಾಬಿಟಿಸ್ ಬರುವ ಮುಂಚಿನ ಹಂತ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸುಲಭ, ಉಪವಾಸ ಬೇಡ ಅಂತ ಕೆಲವರು ಅದನ್ನೇ ಮಾಡಿಸುತ್ತಾರೆ. ಹೆರಿಗೆಯಲ್ಲಿ ರಕ್ತ ಹೋಗಿರುತ್ತದೆ, ಹೊಸ ಕೆಂಪು ರಕ್ತಕಣಗಳು ಬಂದಿರುತ್ತವೆ. ಹಾಗಾಗಿ ಈ ಸಮಯದಲ್ಲಿ ಅದು ಇರುವುದಕ್ಕಿಂತ ಕಮ್ಮಿ ತೋರಿಸಬಹುದು. ಈಗ ಅದನ್ನು ನಂಬಬೇಡಿ.

ನಾರ್ಮಲ್ ಬಂದರೂ ಪರೀಕ್ಷೆ ಅಲ್ಲಿಗೆ ಮುಗಿಯುವುದಿಲ್ಲ. ಒಂದರಿಂದ ಮೂರು ವರ್ಷಕ್ಕೊಮ್ಮೆ ಜೀವನಪೂರ್ತಿ ಮಾಡಿಸಬೇಕು ಅನ್ನೋದು ನಿಯಮ. ನೀವು ಇನ್ಸುಲಿನ್ ತೆಗೆದುಕೊಂಡವರು, ಅಂಥವರಲ್ಲಿ ಅಪಾಯ ಜಾಸ್ತಿ. ವರ್ಷಕ್ಕೊಮ್ಮೆ ಮಾಡಿಸಿ ಅಂತ ನಾನು ಹೇಳುತ್ತೇನೆ. ಮಗುವಿನ ಹುಟ್ಟುಹಬ್ಬದ ತಿಂಗಳಲ್ಲೇ ಮಾಡಿಸಿದರೆ ಮರೆಯುವುದಿಲ್ಲ. ಜೊತೆಗೆ ಬಿಪಿ, ಕೊಲೆಸ್ಟ್ರಾಲ್ ಕೂಡ ನೋಡಿಸಿ. ಬಸುರಿಯಲ್ಲಿ ಶುಗರ್ ಬಂದವರಿಗೆ ಹೃದಯ, ರಕ್ತನಾಳದ ಕಾಯಿಲೆಯ ಅಪಾಯವೂ ಸುಮಾರು ಎರಡು ಪಟ್ಟು. ಹಾಲುಣಿಸುವುದು ಇಲ್ಲೂ ಸ್ವಲ್ಪ ಕೈಹಿಡಿಯುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರ ಮಾಹಿತಿ ಸೇರಿಸಿ 2022ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಹಾಲುಣಿಸಿದವರಿಗೆ ಹೃದಯ-ರಕ್ತನಾಳದ ಕಾಯಿಲೆ ಸುಮಾರು 11% ಕಮ್ಮಿ ಇತ್ತು.

ಪ್ರಿ-ಡಯಾಬಿಟಿಸ್ ಅಂತ ಬಂದರೆ ಕೈಚೆಲ್ಲಿ ಕೂರಬೇಡಿ. ತಡೆಯಲು ಆಗುವ ಹೊತ್ತು ಅದೇ. ಅಮೆರಿಕದ ಡಯಾಬಿಟಿಸ್ ತಡೆ ಅಧ್ಯಯನದಲ್ಲಿ ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವುದು, ಇದ್ದ ತೂಕದಲ್ಲಿ 7% ಇಳಿಸುವುದು ಅಂತ ಗುರಿ ಇಟ್ಟಿದ್ದರು. ಹಿಂದೆ ಬಸುರಿಯಲ್ಲಿ ಶುಗರ್ ಬಂದಿದ್ದವರಲ್ಲಿ ಇಷ್ಟರಿಂದಲೇ ಮೂರು ವರ್ಷದಲ್ಲಿ ಡಯಾಬಿಟಿಸ್ ಬರುವುದು ಅರ್ಧಕ್ಕಿಳಿಯಿತು. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆಯಿಂದಲೂ ಹೆಚ್ಚುಕಡಿಮೆ ಅಷ್ಟೇ ಲಾಭ ಸಿಕ್ಕಿತು. ಬಸುರಿ ಮುಗಿದು ಸರಾಸರಿ ಹನ್ನೆರಡು ವರ್ಷ ಕಳೆದ ಮೇಲೆ ಅವರು ಆ ಅಧ್ಯಯನಕ್ಕೆ ಸೇರಿದ್ದು. ಈಗಷ್ಟೇ ಹೆತ್ತ ನಿಮಗೆ ಇನ್ನೂ ಬೇಕಾದಷ್ಟು ಸಮಯ ಇದೆ. ಹಾಗಂತ ಈಗಲೇ ಊಟ ಬಿಟ್ಟು ತೂಕ ಇಳಿಸಲು ಹೋಗಬೇಡಿ. ಹಾಲು ಚೆನ್ನಾಗಿ ನಿಂತ ಮೇಲೆ ವಾರಕ್ಕೆ ಅರ್ಧ ಕೆಜಿ ಇಳಿದರೆ ಹಾಲಿಗೂ ಮಗುವಿಗೂ ತೊಂದರೆ ಇಲ್ಲ. ಹಾಲು ಹೆಚ್ಚಲಿ ಅಂತ ಸಿಹಿಯನ್ನೂ ತುಪ್ಪವನ್ನೂ ಜಾಸ್ತಿ ಜಾಸ್ತಿ ತಿನ್ನಿಸಿದರೆ ಬೇಡ ಅನ್ನಿ. ಹಾಲು ಹೆಚ್ಚುವುದು ಮಗು ಚೀಪಿದಷ್ಟು.

ಮುಂದೆ ಎಂದಾದರೂ ಔಷಧಿ ಬೇಕಾದರೆ ಹಾಲು ನಿಲ್ಲಿಸಬೇಕು ಅಂತೇನಿಲ್ಲ. ಇನ್ಸುಲಿನ್ ತೆಗೆದುಕೊಂಡು ಹಾಲುಣಿಸಬಹುದು. ಮೆಟ್‌ಫಾರ್ಮಿನ್ ಹಾಲಿಗೆ ಹೋಗುವುದು ಬಹಳ ಕಮ್ಮಿ, ಅದೂ ನಡೆಯುತ್ತದೆ. ಹೊಸ ಬಗೆಯ ಮಾತ್ರೆ, ತೂಕ ಇಳಿಸುವ ಚುಚ್ಚುಮದ್ದು ಇವನ್ನು ಹಾಲುಣಿಸುವಾಗ ತಪ್ಪಿಸುವುದು ಒಳ್ಳೆಯದು.

ಮಗುವಿನ ಬಗ್ಗೆ ಒಂದು ಮಾತು. ಬಸುರಿಯಲ್ಲಿ ಶುಗರ್ ಇದ್ದ ತಾಯಿಯ ಮಕ್ಕಳು ಬೆಳೆಯುತ್ತಾ ದಪ್ಪ ಆಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ಅಮೆರಿಕದ ಕೊಲರಾಡೊದಲ್ಲಿ ಅಂಥ ಮಕ್ಕಳನ್ನು ನೋಡಿದಾಗ, ಆರು ತಿಂಗಳು ಅಥವಾ ಹೆಚ್ಚು ಎದೆಹಾಲು ಕುಡಿದವರ ತೂಕ ಅಷ್ಟು ಬೇಗ ಏರಲಿಲ್ಲ. ಎಲ್ಲ ಅಧ್ಯಯನಗಳೂ ಇದನ್ನೇ ಹೇಳುವುದಿಲ್ಲ, ಹಾಗಾಗಿ ಇದನ್ನು ದೊಡ್ಡದು ಮಾಡಿ ಹೇಳಲಾರೆ. ಬಾಟಲಿಯಲ್ಲಿ ಕೊಡುವಾಗ ಮಗು ಮುಖ ತಿರುಗಿಸಿದರೆ ಸಾಕು ಅಂತ ಅರ್ಥ. ಉಳಿದಿದ್ದನ್ನು ಖಾಲಿ ಮಾಡಿಸಲು ಹೋಗಬೇಡಿ. ಆರು ತಿಂಗಳವರೆಗೆ ಬರೀ ಎದೆಹಾಲು, ಆಮೇಲೆ ಊಟದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಎದೆಹಾಲು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ನಿಮಗೂ ಅನ್ವಯ.

ಇನ್ನೊಂದು ಮಗುವಿನ ಪ್ರಶ್ನೆಗೆ ಬರೋಣ. ಹಾಲುಣಿಸುವಾಗ ಬಸುರಿ ಆಗುವುದಿಲ್ಲ ಅನ್ನೋ ನಂಬಿಕೆ ನಿಮ್ಮ ವಿಷಯದಲ್ಲಿ ನಡೆಯುವುದಿಲ್ಲ. ಅದು ನಿಜವಾಗಬೇಕಾದರೆ ಮಗುವಿಗೆ ಆರು ತಿಂಗಳು ತುಂಬಿರಬಾರದು, ಬರೀ ಎದೆಹಾಲೇ ಕೊಡುತ್ತಿರಬೇಕು, ಮುಟ್ಟು ಶುರುವಾಗಿರಬಾರದು. ನೀವು ಪುಡಿ ಹಾಲೂ ಕೊಡುತ್ತಿದ್ದೀರಿ, ಅದಕ್ಕೆ ಬೇರೆ ವ್ಯವಸ್ಥೆ ಬೇಕು. ಕಾಪರ್-ಟಿ ನಿಮಗೆ ಚೆನ್ನಾಗಿ ಹೊಂದುತ್ತದೆ, ಶುಗರ್ ಮೇಲೆ ಅದರ ಪರಿಣಾಮ ಏನೂ ಇಲ್ಲ. ಹಾಲುಣಿಸುವವರಿಗೆ ಸಾಮಾನ್ಯವಾಗಿ ಕೊಡುವ ಬರೀ ಪ್ರೊಜೆಸ್ಟಿನ್ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಬಗ್ಗೆ ಮಾತ್ರ ಕೇಳಿ ತಿಳಿದುಕೊಳ್ಳಿ. ಬಸುರಿಯಲ್ಲಿ ಶುಗರ್ ಬಂದು, ಹಾಲುಣಿಸುತ್ತಾ ಅದನ್ನು ತೆಗೆದುಕೊಂಡ ತಾಯಂದಿರಲ್ಲಿ ಡಯಾಬಿಟಿಸ್ ಹೆಚ್ಚು ಕಂಡಿತು ಅಂತ 1998ರ ಒಂದು ಅಮೆರಿಕನ್ ಅಧ್ಯಯನ ಹೇಳಿದೆ. ನಿಮಗೆ ಅದೇ ಮಾತ್ರೆ ಬರೆದುಕೊಟ್ಟರೆ ಬಸುರಿಯಲ್ಲಿ ಶುಗರ್ ಇತ್ತು ಅಂತ ನೆನಪಿಸಿ.

ಮುಂದಿನ ಬಸುರಿಯಲ್ಲಿ ಶುಗರ್ ಮತ್ತೆ ಬರುವ ಸಾಧ್ಯತೆ ಸುಮಾರು ಅರ್ಧದಷ್ಟು. ಅದಕ್ಕೆ ಪ್ರಯತ್ನ ಶುರು ಮಾಡುವ ಮೊದಲೇ ಶುಗರ್ ಪರೀಕ್ಷೆ ಮಾಡಿಸಿ. ಇದು ಮುಖ್ಯ, ಯಾಕಂದ್ರೆ ಮಗುವಿನ ಹೃದಯ, ಬೆನ್ನುಹುರಿ ಮೂಡುವುದು ಮೊದಲ ಕೆಲವು ವಾರಗಳಲ್ಲಿ, ಎಷ್ಟೋ ಸಲ ಬಸುರಿ ಅಂತ ಗೊತ್ತಾಗುವ ಮೊದಲೇ. ಆಗ ಶುಗರ್ ಹೆಚ್ಚಿದ್ದರೆ ಅಂಗಾಂಗ ದೋಷದ ಅಪಾಯ ಇದೆ. ಫೋಲಿಕ್ ಆಸಿಡ್ ಮಾತ್ರೆಯನ್ನೂ ಮೊದಲೇ ಶುರು ಮಾಡಬೇಕು. ಬಸುರಿ ಅಂತ ಖಚಿತವಾದ ಮೊದಲ ಭೇಟಿಯಲ್ಲೇ ಮತ್ತೆ ಪರೀಕ್ಷೆ, ಅದು ನಾರ್ಮಲ್ ಇದ್ದರೆ 24ರಿಂದ 28 ವಾರದಲ್ಲಿ ಇನ್ನೊಂದು.

ಆಗ ಹಾಲಿಗೂ ಮೊದಲೇ ಸಿದ್ಧತೆ ಮಾಡಿಕೊಳ್ಳಬಹುದು. ಬೇರೆ ತೊಂದರೆ ಇಲ್ಲದಿದ್ದರೆ, ಡಾಕ್ಟರನ್ನು ಕೇಳಿ, 36 ವಾರ ತುಂಬಿದ ಮೇಲೆ ದಿನಕ್ಕೆ ಎರಡು ಸಲ ಕೈಯಿಂದ ಮೊದಲ ಹಾಲನ್ನು ಹಿಂಡಿ ಇಡಬಹುದು. ಆಸ್ಟ್ರೇಲಿಯಾದಲ್ಲಿ ಶುಗರ್ ಇದ್ದ 635 ಬಸುರಿಯರಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ಇದರಿಂದ ಹೆರಿಗೆ ಬೇಗ ಆಗುವುದಾಗಲಿ, ಮಗುವಿಗೆ ತೊಂದರೆಯಾಗುವುದಾಗಲಿ ಕಾಣಲಿಲ್ಲ ಅಂತ 2017ರಲ್ಲಿ ಪ್ರಕಟಿಸಿದರು. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಎರಡು ಬೆರಳಿನಷ್ಟು ಹಿಂದೆ ಇಟ್ಟು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಸೇರಿಸಬೇಕು. ಮೊದಮೊದಲು ನಾಲ್ಕು ಹನಿ ಬಂದರೂ ಸಾಕು. ದಪ್ಪಗೆ, ಹಳದಿಯಾಗಿರುತ್ತದೆ. ಸೂಜಿ ಇಲ್ಲದ ಚಿಕ್ಕ ಸಿರಿಂಜಿನಲ್ಲಿ ಎಳೆದು, ದಿನಾಂಕ ಬರೆದು ಫ್ರೀಜರ್‌ನಲ್ಲಿಟ್ಟು ಹೆರಿಗೆಗೆ ಹೋಗುವಾಗ ಐಸ್ ಜೊತೆ ಒಯ್ಯಬೇಕು. ಹುಟ್ಟಿದ ಮಗುವನ್ನು ಬಟ್ಟೆಯಿಲ್ಲದೆ ನಿಮ್ಮ ಎದೆಯ ಮೇಲೆ ಮಲಗಿಸಿಕೊಂಡು, ಮೊದಲ ಒಂದು ಗಂಟೆಯೊಳಗೆ ಹಾಲಿಗೆ ಹಾಕಬೇಕು. ಆಮೇಲೆ ಎರಡು-ಮೂರು ಗಂಟೆಗೊಮ್ಮೆ. ಹಿಮ್ಮಡಿ ಪರೀಕ್ಷೆಯಲ್ಲಿ ಮಗುವಿನ ಶುಗರ್ ಇಳಿದಿದ್ದರೆ ಮೊದಲು ಆ ಸಿರಿಂಜಿನ ಹಾಲು ಕೊಡಿ ಅಂತ ದಾದಿಯರಿಗೆ ಹೇಳಿಡಿ. ಮಗುವಿನ ಕೆನ್ನೆಯ ಒಳಗೆ ಸವರುವ ಗ್ಲೂಕೋಸ್ ಜೆಲ್ ಕೂಡ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಅದು ಸಿಗುತ್ತದೆಯಾ ಅಂತ ಎಂಟನೇ ತಿಂಗಳಲ್ಲೇ ಕೇಳಿಟ್ಟುಕೊಳ್ಳಿ.